ಮೇಲ್ಮಹಡಿಯ ಬೀರುವಿನಲ್ಲಿ ವಿದೇಶಿಯಾದ ಕಾಮಾಕ್ಷಿಯಮ್ಮ

ಪೀಳಮೇಡು,
ಸೋಮವಾರ

ಮೂರು ವರ್ಷದ ಹಿಂದೆ ನಮ್ಮ ಬಡಾವಣೆಯ ಗ್ರಂಥಾಲಯಕ್ಕೆ ದಯಮಾಡಿಸಿ, ಅಂದಿನಿಂದ ಯಾವ ಪುಸ್ತಕ ಯಾವ ಕಪಾಟಿನಲ್ಲಿ ಬಾಳಬೇಕೆಂದು ತೀರ್ಪು ಕೊಡುತ್ತಿರುವ ಗಣಕಯಂತ್ರದ ಸನ್ನಿಧಿಗೆ,

ಮಾನ್ಯರೇ,

ತಾವು ತಣ್ಣನೆಯ ಕೋಣೆಯಲ್ಲಿ, ಧೂಳು ತಾಗದಂತೆ ಹೊದಿಸಿದ ಬಟ್ಟೆಯ ಕೆಳಗೆ ಕ್ಷೇಮವಾಗಿರುವಿರೆಂದು ನಂಬಿ, ಚಿತ್ರದುರ್ಗದಿಂದ ಬಂದು ತಮಿಳುನಾಡಿನ ಈ ಊರಿನ ಕಂಪನಿಯೊಂದರಲ್ಲಿ ದುಡಿಯುತ್ತ, ರಾಜಮ್ಮ ಎಂಬ ನೇಕಾರ ಮನೆತನದ ಹಿರಿಯರ ಮಹಡಿಯಲ್ಲಿ ಬಾಡಿಗೆಗಿರುವ ಹಿನಾ ಎಂಬ ನಾನು ಅತ್ಯಂತ ವಿನಯದಿಂದ ಮಾಡಿಕೊಳ್ಳುವ ಅರಿಕೆ ಏನೆಂದರೆ, ದಯವಿಟ್ಟು ರಾಜಮ್ಮನವರ ತಾಯಿಯನ್ನು ರದ್ದಿಗೆ ಹಾಕಬೇಡಿ.

ತಾಯಿ ಎಂದರೆ ತಾಯಿ ಬರೆದ ಪುಸ್ತಕ. ಕಾಮಾಕ್ಷಿಯಮ್ಮನವರು ಮಗ್ಗದ ಹಾಸುನೂಲಿಗೆ ಗಂಜಿ ಹಾಕುವ ಬಗೆ, ಬಣ್ಣ ಬಿಡದಂತೆ ಅದ್ದುವ ಬಗೆ, ಮಳೆಗಾಲದಲ್ಲಿ ನೂಲು ಒಣಗಿಸುವ ಬಗೆ ಎಲ್ಲವನ್ನೂ ನೂರು ಪುಟದೊಳಗೆ ಬರೆದು ತಿರುಪ್ಪೂರಿನಲ್ಲಿ ಅಚ್ಚು ಹಾಕಿಸಿದ್ದರು. ಮನೆಯಲ್ಲಿದ್ದ ಪ್ರತಿಗಳನ್ನು ಗೆದ್ದಲು ಮುಗಿಸಿದೆ, ಉಳಿದಿರುವುದು ತಮ್ಮಲ್ಲಿರುವ ಒಂದೇ. ಮೂರು ವರ್ಷದಿಂದ ಯಾರೂ ಅದನ್ನು ಮುಟ್ಟಿಲ್ಲವೆಂದೂ, ಆದ್ದರಿಂದ ಈ ತಿಂಗಳ ಮೂವತ್ತೊಂದರಂದು ಅದನ್ನು ತೂಕಕ್ಕೆ ಹಾಕಲಾಗುವುದೆಂದೂ ತಾವು ಹೊರಡಿಸಿದ ಪಟ್ಟಿ ಬಾಗಿಲಲ್ಲೇ ಅಂಟಿಕೊಂಡಿದೆ.

ಯಾರೂ ಮುಟ್ಟದಂತೆ ತಾವು ವಹಿಸಿದ ಎಚ್ಚರಿಕೆಯನ್ನು ಎಷ್ಟು ಹೊಗಳಿದರೂ ಸಾಲದು. ಮುಖಪುಟದಲ್ಲಿ ‘ನಮ್ಮ ಕನ್ನಡದಲ್ಲಿ’ ಎಂದಿದ್ದುದನ್ನು ನೋಡಿದೊಡನೆ ತಾವು ಅದನ್ನು ‘ವಿದೇಶಿ ಭಾಷೆಗಳು’ ಎಂಬ ಬೀರುವಿಗೆ, ಜರ್ಮನ್ ವ್ಯಾಕರಣಕ್ಕೂ ಕಾಗದದ ಕೊಕ್ಕರೆ ಮಡಿಸಲು ಕಲಿಸುವ ಜಪಾನಿ ಪುಸ್ತಕಕ್ಕೂ ನಡುವೆ ಏರಿಸಿ, ಬೀರುವನ್ನು ಮೇಲ್ಮಹಡಿಗೆ ಏರಿಸಿ, ಬೀಗವನ್ನೂ ಹಾಕಿಸಿದ್ದೀರಿ. ಸುದ್ದಿ ಕೇಳಿದ ರಾಜಮ್ಮನವರು, ‘ಅಡ ಕಡವುಳೇ! ನಮ್ಮವ್ವ ಪೊಳ್ಳಾಚಿ ತಾಂಡಿ ಆಚೆ ಹೋದೋಳಲ್ಲ, ಅವಳ್ನ ಯಾವ ದೇಶಕ್ಕೆ ಕಳಿಸ್ಬುಟ್ರು ಇವ್ರು?’ ಎಂದು ನಕ್ಕರು. ಹತ್ತು ತಲೆಮಾರಿನಿಂದ ಇದೇ ಬೀದಿಯಲ್ಲಿರುವ ಮನೆಯ ಮಾತು ವಿದೇಶಿ ಎಂದಾದರೆ, ಇವರ ಜಗಲಿಯಲ್ಲಿ ತಮಿಳೂ ಅಡುಗೆಮನೆಯಲ್ಲಿ ಕನ್ನಡವೂ ನಡೆಯುವುದರಿಂದ, ನಡುಮನೆಯ ಹೊಸ್ತಿಲಲ್ಲಿ ಒಂದು ಪಾಸ್‌ಪೋರ್ಟ್ ಕಚೇರಿ ತೆರೆದುಕೊಡಬೇಕೆಂದು ಕೋರುತ್ತೇನೆ. ಸಾಂಬಾರು ಬಡಿಸಲು ಹೊರಗೆ ಬರುವಾಗ ವೀಸಾ ಇಲ್ಲದೆ ಅವರಿಗೆ ಮುಜುಗರವಾಗಬಾರದು.

ಇನ್ನು ವಿಷಯದ ಅಂಕಣ. ಕಾಮಾಕ್ಷಿಯಮ್ಮನವರು ಮೊದಲ ಪುಟದಲ್ಲಿ ಮಗ್ಗಕ್ಕೆ ದೀಪ ಹಚ್ಚಿರುವುದರಿಂದ ಉಳಿದ ಪುಟಗಳನ್ನು ತಿರುವುವ ಕಷ್ಟ ತೆಗೆದುಕೊಳ್ಳದೆ ತಾವು ‘ಆಚಾರಗಳು, ಮೂಢನಂಬಿಕೆಗಳು’ ಎಂದು ಬರೆದಿರಿ. ಹನ್ನೊಂದು ದಿನ ಈ ಊರಲ್ಲಿದ್ದು ಇದೇ ಗಂಜಿಯ ಬಗ್ಗೆ ಬರೆದ ಹೊರದೇಶದ ಪಂಡಿತರ ಪುಸ್ತಕಕ್ಕೆ ಮಾತ್ರ ‘ವಿಜ್ಞಾನ, ತಂತ್ರಜ್ಞಾನ’ ಎಂದು ಬರೆದು, ಕೆಳಮಹಡಿಯಲ್ಲಿ ಕಣ್ಣಿಗೆ ನೇರವಾಗಿ ಕೂರಿಸಿದ್ದೀರಿ. ಅವರು ಮೊದಲ ಪುಟದಲ್ಲಿ ತಮ್ಮ ನಾಯಿಯನ್ನು ಸ್ಮರಿಸಿದ್ದಾರೆ. ನಾಯಿಯಿಂದ ವಿಜ್ಞಾನಕ್ಕೆ ಧಕ್ಕೆಯಾಗದೆ ದೀಪದಿಂದ ಮಾತ್ರ ಆಗುವ ಕಾರಣವನ್ನು ಬಿಡುವಾದಾಗ ತಿಳಿಸಬೇಕು.

ಶನಿವಾರ ರಾಜಮ್ಮನವರ ಕೈ ಹಿಡಿದುಕೊಂಡು ಬಂದು ಬೀಗ ತೆಗೆಸಿದೆ. ಕನ್ನಡದ ಪುಸ್ತಕ, ಕನ್ನಡ ನಾಡಿನವಳು ನಾನೇ ಓದಿ ಹೇಳುತ್ತೇನೆಂದು ಬೀದಿಗೆಲ್ಲ ಜಂಬ ಕೊಚ್ಚಿದ್ದೆ. ತೆರೆದರೆ ಒಂದಕ್ಷರವೂ ತಿಳಿಯಲಿಲ್ಲ. ಇಲ್ಲಿಯವರು ಕಲಿತ ಲಿಪಿ ತಮಿಳು, ಹಾಗಾಗಿ ಕಾಮಾಕ್ಷಿಯಮ್ಮನವರು ತಮ್ಮ ಕನ್ನಡವನ್ನು ತಮಿಳು ಅಕ್ಷರದಲ್ಲೇ ಬರೆದಿದ್ದರು. ರಾಜಮ್ಮನವರಿಗೆ ಆ ಅಕ್ಷರ ಗೊತ್ತು, ಆದರೆ ಕಣ್ಣು ಮಂಜು. ಕೊನೆಗೆ ಕನ್ನಡದ ಗಂಧವೇ ಇಲ್ಲದ ಗ್ರಂಥಪಾಲಕ ನವನೀತನ್ ಅವರು ಕನ್ನಡಕ ಏರಿಸಿ, ಅರ್ಥವಾಗದ್ದನ್ನು ಗಟ್ಟಿಯಾಗಿ ಓದತೊಡಗಿದರು. ‘ಗಂಜಿ ಗಂಟಾದ್ರೆ ಸೊಸೇನ ಬಯ್ಬೇಡ, ಒಲೆ ನೋಡು’ ಎಂಬಲ್ಲಿಗೆ ಬಂದಾಗ ನಾನು ಜೋರಾಗಿ ನಕ್ಕೆ. ರಾಜಮ್ಮನವರು, ‘ನಮ್ಮವ್ವನ ಕೊರಳೇ ಕಣಮ್ಮಾ, ಇನ್ನೊಂದ್ ವಾಟಿ, ಇನ್ನೊಂದ್ ಸಲ ಓದ್ಸು’ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಪಾಪ, ನವನೀತನ್ ಅವರು ತಾನೇನು ತಪ್ಪು ಓದಿದೆನೋ ಎಂದು ಗಾಬರಿಯಾಗಿ ಅದೇ ಸಾಲನ್ನು ಮೂರು ಸಲ ಓದಿದರು.

ಪುಸ್ತಕವನ್ನು ಕೆಳಗಿನ ಕಪಾಟಿಗೆ ಇಳಿಸಿರೆಂದು ಕೇಳಿದ್ದಕ್ಕೆ ಅವರು, ‘ಸಿಸ್ಟಂ ಒತ್ತುಕ್ಕಾದು ಮೇಡಂ’ ಎಂದರು, ಅಂದರೆ ತಾವು ಒಪ್ಪುವುದಿಲ್ಲವಂತೆ. ಆದರೆ ಓದುಗರ ಮನೆಯಲ್ಲಿರುವ ಪುಸ್ತಕವನ್ನು ರದ್ದಿಗೆ ಹಾಕುವಂತಿಲ್ಲವೆಂಬ ತಮ್ಮದೇ ನಿಯಮವನ್ನು ಮೆಲ್ಲಗೆ ಹೇಳಿಕೊಟ್ಟವರೂ ಅವರೇ. ಆದ್ದರಿಂದ ಪುಸ್ತಕ ಈಗ ರಾಜಮ್ಮನವರ ತಲೆದಿಂಬಿನ ಪಕ್ಕದಲ್ಲಿದೆ. ಹದಿನೈದು ದಿನ ಕಳೆದರೆ ಪಕ್ಕದ ಮನೆಯವರ ಹೆಸರಿಗೆ, ಆಮೇಲೆ ಅದರ ಪಕ್ಕದವರ ಹೆಸರಿಗೆ. ನಮ್ಮ ಬೀದಿಯಲ್ಲಿ ನಲವತ್ತೆರಡು ಮನೆಗಳಿವೆ. ಅಷ್ಟರೊಳಗೆ ಸರಿಯಾದ ಜಾಗ ಹುಡುಕುವಷ್ಟು ಬಿಡುವು ತಮಗೆ ಸಿಗಲೆಂದು ಹಾರೈಸುತ್ತೇನೆ.

ತಮ್ಮ ವಿಶ್ವಾಸಿ, ಹಾಗೂ ತಮ್ಮ ಲೆಕ್ಕದಲ್ಲಿ ವಿದೇಶಿ,
ಹಿನಾ

ಮರೆತ ಮಾತು: ಪಂಡಿತರ ವಿಜ್ಞಾನದ ಪುಸ್ತಕವನ್ನೂ ಜೊತೆಗೇ ತಂದಿದ್ದೆವು. ಅದರ ನಡುವೆ ಒಂದು ಚಿತ್ರವಿದೆ: ಹೆಂಗಸೊಬ್ಬರು ನೂಲಿಗೆ ಗಂಜಿ ಸವರುತ್ತಿದ್ದಾರೆ, ಕೆಳಗೆ ‘ಸ್ಥಳೀಯ ಮಹಿಳೆ’ ಎಂದಿದೆ, ಹೆಸರಿಲ್ಲ. ರಾಜಮ್ಮನವರು ಇವತ್ತು ಬೆಳಿಗ್ಗೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಅವ್ವನ ಆ ಬಳೆ ಈಗ ತಮ್ಮ ಕೈಯಲ್ಲೇ ಇದೆಯೆಂದು ತೋರಿಸಿದರು. ಒಬ್ಬರೇ ಕಾಮಾಕ್ಷಿಯಮ್ಮ ಕೆಳಗೆ ವಿಜ್ಞಾನವಾಗಿ, ಮೇಲೆ ಮೂಢನಂಬಿಕೆಯಾಗಿ ಇರುವ ಈ ಪವಾಡವನ್ನು ತಾವು ಯಾವ ಕಪಾಟಿನಲ್ಲಿ ಇಡುವಿರಿ?