ಗೋಡೆಯವನ ಪಾಲಿನ ಚುರುಟು

ಹೊಗೆ ಸೇದುವುದನ್ನು ಬಿಟ್ಟವರು ತಾವು ಬಿಟ್ಟ ಕಥೆಯನ್ನು ಯಾರೂ ಕೇಳದಿದ್ದರೂ ಹೇಳುತ್ತಾರೆ. ತಾರೀಖು, ವಾರ, ಕೊನೆಯ ತುಂಡನ್ನು ಎಸೆದ ಚರಂಡಿ, ಎಲ್ಲವೂ ಅವರಿಗೆ ನೆನಪಿರುತ್ತದೆ. ಅಷ್ಟು ಒಪ್ಪವಾದ ನೆನಪುಗಳ ಮೇಲೆ ನನಗೆ ನಂಬಿಕೆಯಿಲ್ಲ. ನಾನು ಬಿಟ್ಟದ್ದು ಕೊಚ್ಚಿಯಲ್ಲಿ, ಅರವತ್ತೆಂಟರಲ್ಲೋ ಅರವತ್ತೊಂಬತ್ತರಲ್ಲೋ. ಒಂದು ಸಲ ನೆನೆಸಿಕೊಂಡರೆ ಆ ಹಿತ್ತಲ ಗೋಡೆ ಬಾವಿಯ ಎಡಕ್ಕಿರುತ್ತದೆ, ಇನ್ನೊಂದು ಸಲ ಬಲಕ್ಕೆ. ಗೋಡೆ ಇದ್ದದ್ದಂತೂ ನಿಜ. ಅದರೊಳಗೆ ಯಾರಾದರೂ ಇದ್ದರೇ ಎಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.

ತುಮಕೂರಿನ ಕಡೆಯ ನನ್ನನ್ನು ಕೇಂದ್ರ ಸರ್ಕಾರದ ಒಂದು ಕಚೇರಿಯವರು ಅಲ್ಲಿಗೆ ವರ್ಗ ಮಾಡಿದ್ದರು. ಫೋರ್ಟ್ ಕೊಚ್ಚಿಯಲ್ಲಿ ಒಂದು ಹಳೆಯ ಮನೆಯ ಹಿಂಭಾಗ ಬಾಡಿಗೆಗೆ ಸಿಕ್ಕಿತು. ಮುಂಭಾಗದಲ್ಲಿ ಮನೆಯ ಒಡತಿ, ಎಪ್ಪತ್ತು ದಾಟಿದ ಕ್ಲಾರಮ್ಮ ಒಬ್ಬರೇ ಇದ್ದರು. ಊರೆಲ್ಲ ಕರೆಯುವಂತೆ ನಾವೂ ಅವರನ್ನು ಅಮ್ಮಚ್ಚಿ ಎನ್ನುತ್ತಿದ್ದೆವು. ಹಿತ್ತಲಲ್ಲಿ ಮನೆಗಿಂತ ಹಳೆಯದಾದ, ಮೂರು ಅಡಿ ದಪ್ಪದ ಕೆಂಪುಕಲ್ಲಿನ ಮೋಟುಗೋಡೆ. ಏತಕ್ಕೆ ಕಟ್ಟಿದ್ದೋ ತಿಳಿಯದು, ಅದು ಯಾವ ಮನೆಗೂ ಸೇರಿರಲಿಲ್ಲ. ಮೊದಲ ಮಳೆಗಾಲದಲ್ಲೇ ನನಗೆ ಎದೆ ಕಟ್ಟಿ, ಸಿಗರೇಟು ಮುಟ್ಟಕೂಡದೆಂದು ಡಾಕ್ಟರು ಹೇಳಿದರು. ಹೆಂಡತಿ ವಿಶಾಲು ತನ್ನ ತಲೆಯ ಮೇಲೆ ನನ್ನ ಕೈ ಇಡಿಸಿ ಆಣೆ ಮಾಡಿಸಿಕೊಂಡಳು. ಆದರೆ ಆಣೆಯ ಪಾಠದಲ್ಲಿ ಇದ್ದದ್ದು ಸಿಗರೇಟು ಮಾತ್ರ. ಚುರುಟಿನ ಪ್ರಸ್ತಾಪವೇ ಬಂದಿರಲಿಲ್ಲ. ನಿಯಮಾವಳಿಗಳ ನಡುವೆ ಹೊಟ್ಟೆ ಹೊರೆಯುವವನಿಗೆ ಇಂಥ ಸಂದು ಬೇಗ ಕಾಣುತ್ತದೆ. ದೋಣಿಕಟ್ಟೆಯ ಅಂಗಡಿಯಲ್ಲಿ ದಿನಕ್ಕೊಂದು ಚುರುಟು ಕೊಂಡು, ಸಂಜೆ ಆ ಗೋಡೆಯ ಮರೆಯಲ್ಲಿ ಕೂತು ಸೇದುತ್ತಿದ್ದೆ. ಒಣಮೀನು, ಒಣಶುಂಠಿ, ಕೊಬ್ಬರಿ ಎಲ್ಲ ಒಟ್ಟಾಗಿ ನಾರುವ ಊರಿನಲ್ಲಿ ನನ್ನ ಅಂಗಿಯೊಂದರ ವಾಸನೆಯನ್ನು ಯಾರು ಹೆಕ್ಕಿ ತೆಗೆದಾರು?

ಒಂದು ಬೆಳಿಗ್ಗೆ ವಿಶಾಲು ಎರಡು ಬೆರಳ ತುದಿಯಲ್ಲಿ ಚುರುಟಿನ ತುಂಡೊಂದನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ರೀ, ಏನಿದು?"

ನಾನು ಬಾಯಿ ತೆರೆಯುವ ಮೊದಲೇ ಬಾವಿಕಟ್ಟೆಯಿಂದ ಅಮ್ಮಚ್ಚಿ ಕೂಗಿದರು: "ಅಯ್ಯೋ ಮೋಳೇ, ಅದ್ ಕಾಪ್ಪಿರಿಯಲ್ಲೇ! ಪೇಡಿಕ್ಕಂಡ." ಹೆದರಬೇಡ ಮಗಳೇ, ಅದು ಕಾಪ್ಪಿರಿ ಮುತ್ತಪ್ಪನದು ಎಂದು.

ಆ ಕಥೆಯನ್ನು ಅವರು ಬಿಂದಿಗೆ ತುಂಬಿಸುತ್ತಲೇ ಹೇಳಿದರು. ಡಚ್ಚರು ದಂಡೆತ್ತಿ ಬಂದಾಗ ಇಲ್ಲಿದ್ದ ಪೋರ್ಚುಗೀಸರು ಓಡಬೇಕಾಯಿತು. ಚಿನ್ನವನ್ನು ಹೊತ್ತು ಓಡಲಾಗದು. ಆಫ್ರಿಕದಿಂದ ಹಿಡಿದು ತಂದಿದ್ದ ಗುಲಾಮರನ್ನು ಚಿನ್ನದ ಜೊತೆಗೇ ಗೋಡೆಗಳಲ್ಲಿಟ್ಟು ಕಲ್ಲು ಮುಚ್ಚಿದರು, ನಾವು ಬರುವ ತನಕ ಕಾಯುತ್ತಿರಿ ಎಂದು ಹೇಳಿ. ಅವರು ಬರಲೇ ಇಲ್ಲ. ಈ ಗೋಡೆಯವನು ಇನ್ನೂ ಕಾಯುತ್ತಿದ್ದಾನೆ. ಒಮ್ಮೊಮ್ಮೆ ಗೋಡೆಯ ಮೇಲೆ ಕೂತು ಚುರುಟು ಸೇದುತ್ತಾನೆ, ಯಾರಿಗೂ ಕೇಡು ಮಾಡುವುದಿಲ್ಲ. ಚುರುಟು ಇಟ್ಟವರ ಮನೆಯನ್ನು ಕಾಯುತ್ತಾನೆ, ಹೊಟ್ಟೆಯಲ್ಲಿರುವ ಕೂಸನ್ನೂ.

ಕೊನೆಯ ಮಾತನ್ನು ಅವರು ವಿಶಾಲುವಿನ ಹೊಟ್ಟೆ ನೋಡಿಕೊಂಡು ಹೇಳಿದರು. ಅವಳಿಗೆ ಆಗ ಮೂರು ತಿಂಗಳು. ಹಿಂದಿನ ವರ್ಷ ಐದನೆಯ ತಿಂಗಳಲ್ಲಿ ಒಂದು ಹೋಗಿತ್ತು. ಅಂದಿನಿಂದ ಅವಳು ರಾತ್ರಿಯೂ ಹೊಟ್ಟೆಯ ಮೇಲಿನ ಕೈ ತೆಗೆಯುತ್ತಿರಲಿಲ್ಲ.

"ರೀ, ಬರ್ತಾ ಒಂದು ಕಟ್ಟು ಚುರುಟು ತಗೊಂಬನ್ನಿ," ಎಂದಳು.

"ಚುರುಟೇ? ಅದೆಲ್ಲಿ ಸಿಗುತ್ತೋ ಏನೋ."

"ಕೇಳಿದ್ರೆ ಯಾರಾದ್ರೂ ತೋರಿಸ್ತಾರೆ."

ಅಂಗಡಿಯವನು "ಸಾರ್, ಇನ್ನ್ ಒರು ಕೆಟ್ಟೋ?" ಎಂದು ಹುಬ್ಬೇರಿಸಿದ. ಇವತ್ತೇನು ಇಡೀ ಕಟ್ಟು ಎಂದು. ಹೆಂಡತಿಗೆ ಎಂದೆ. ನಿಜವನ್ನೇ ಹೇಳಿದ್ದೆ. ಅವತ್ತಿನಿಂದ ಅವನು ನಮ್ಮ ಮನೆಯ ಬಗ್ಗೆ ವಿಶೇಷ ಗೌರವವಿಟ್ಟುಕೊಂಡ.

ಊರವರು ಗೋಡೆಯವನಿಗೆ ಕಳ್ಳು, ಮೀನು, ಮೊಟ್ಟೆಗಳನ್ನೂ ಇಡುತ್ತಾರೆ. ಚುರುಟು ಎಲೆಯೇ ತಾನೇ, ಮಡಿಗೇನೂ ಅಡ್ಡಿಯಿಲ್ಲ ಎಂದು ವಿಶಾಲು ಅದೊಂದಕ್ಕೆ ನಿಲ್ಲಿಸಿದಳು. ದೀಪ ಹಚ್ಚುವ ಹೊತ್ತಿಗೆ ಅದನ್ನು ಕೆಂಡಕ್ಕೆ ತಾಗಿಸಿ, ಗೋಡೆಯ ಮೇಲಿಟ್ಟು, ಹಿಂದೆ ನೋಡದೆ ಒಳಗೆ ಬಂದು ಅರ್ಧ ಗಂಟೆ ಸ್ತೋತ್ರ ಹೇಳುತ್ತಿದ್ದಳು. ಮೊದಲ ದಿನ ನಾನು ಸಜ್ಜನನಾಗಿ ದೂರ ನಿಂತೆ. ಆದರೆ ಚುರುಟು ಸಿಗರೇಟಿನಂತಲ್ಲ, ಎಳೆಯದಿದ್ದರೆ ಐದು ನಿಮಿಷಕ್ಕೆ ಆರಿಹೋಗುತ್ತದೆ. ಇದು ಮನೆಯಲ್ಲಿ ಯಾರ ಹತ್ತಿರವೂ ಆಡಲಾಗದ ತಿಳಿವಳಿಕೆ. ಬೆಳಿಗ್ಗೆ ಆರಿದ ಇಡೀ ಚುರುಟನ್ನು ನೋಡಿದರೆ ಅವಳ ಗತಿ? ಅವಳ ಧೈರ್ಯವೆಲ್ಲ ಆ ಹಿಡಿಯುದ್ದದ ಎಲೆಸುರುಳಿಯಲ್ಲಿತ್ತು. ಸೇದಿದೆ. ಮೊದಲ ವಾರ ಅದು ಕರ್ತವ್ಯವಾಗಿತ್ತು, ಎರಡನೆಯ ವಾರ ಸುಖ. ಮೂರನೆಯ ವಾರ, ಸ್ವಲ್ಪ ಒಳ್ಳೆಯ ಜಾತಿಯದನ್ನು ಇಟ್ಟರೆ ಮುತ್ತಪ್ಪನಿಗೆ ಹಿತವಾದೀತೆಂದು ಸೂಚಿಸಿದೆ.

ಅದೇ ವಾರ ಒಂದು ಸಂಗತಿ ಗಮನಕ್ಕೆ ಬಂತು. ಸಮುದ್ರದ ಗಾಳಿ ಗೋಡೆಯ ಕಡೆಯಿಂದ ನನ್ನ ಮುಖಕ್ಕೆ ಬೀಸುತ್ತಿತ್ತು. ನಾನು ಬಿಟ್ಟ ಹೊಗೆ ಮಾತ್ರ ಗಾಳಿಗೆ ಎದುರಾಗಿ ಹೋಗಿ, ಕಲ್ಲಿನ ಬಿರುಕೊಂದರೊಳಗೆ ನಿಧಾನವಾಗಿ ಇಳಿಯುತ್ತಿತ್ತು. ಪಕ್ಕದಲ್ಲಿ ಒಬ್ಬರು ತಮ್ಮ ಸರದಿಗೆ ಕಾದು ನಿಂತಾಗ ಕತ್ತಿನ ಹಿಂದೆ ಏನೋ ಆಗುತ್ತದಲ್ಲ, ಹಾಗೆ ಆಗುತ್ತಿತ್ತು. ಬೇರೆಯವರ ಚಿನ್ನಕ್ಕೆ ಕಾವಲಾಗಿ ಇಷ್ಟು ಕಾಲ ಉಸಿರಿಲ್ಲದೆ ನಿಂತವನಿಗೆ ಸಿಕ್ಕಿದ ಒಂದೇ ಒಂದು ಸುಖ. ಅದನ್ನೂ ಕಸಿಯುತ್ತಿದ್ದವನು ನಾನು. ಅವನು ಮುನಿದರೆ ಕೈ ಹಾಕುವುದು ಎಲ್ಲಿಗೆ ಎಂದು ಯೋಚಿಸಿ, ಚುರುಟನ್ನು ಇನ್ನೂ ಬೇಗಬೇಗ ಮುಗಿಸುತ್ತಿದ್ದೆ.

ವಿಶಾಲುವಿಗೆ ಐದನೆಯ ತಿಂಗಳು ನಡೆಯುತ್ತಿದ್ದಾಗ ಕಚೇರಿಯವರು ನನ್ನನ್ನು ಐದು ದಿನ ತಿರುವನಂತಪುರಕ್ಕೆ ಕಳಿಸಿದರು. ಹೋಗಲೇಬೇಕಾಯಿತು. ಅಲ್ಲಿ ನನ್ನ ಸ್ನೇಹಿತ, ಉಡುಪಿಯ ಕಡೆಯ ಶ್ರೀಧರ ಭಟ್ಟನ ಮನೆಯಲ್ಲಿ ಉಳಿದೆ. ಅವನು ಊರಾಚೆಯ ಕಡಲ ದಂಡೆಯಲ್ಲಿ ಆಕಾಶಕ್ಕೆ ರಾಕೆಟ್ ಬಿಡುವ ಕೆಲಸದವನು. ಯಾರೂ ಸೇದದ ಚುರುಟು ಪೂರ್ತಿ ಉರಿಯಬಹುದೇ ಎಂದು ಕೇಳಿದೆ.

"ಎಂತ ಮಾರಾಯ, ಗಾಳಿ ಉಂಟಲ್ಲ, ಉರಿದೀತು," ಎಂದ. ನನ್ನ ಮುಖ ನೋಡಿ, "ನೀನು ಹೆದರುದು ಚುರುಟಿಗಾ, ವಿಶಾಲಕ್ಕನಿಗಾ?" ಎಂದು ನಕ್ಕ.

ಆರನೆಯ ದಿನ ಮನೆಗೆ ಬಂದಾಗ ವಿಶಾಲು ಗೆಲುವಾಗಿದ್ದಳು. "ಐದು ದಿನವೂ ಬಂದಿದ್ರು ಕಣ್ರೀ. ಒಂದಿನಾನೂ ಉಳಿಸಲಿಲ್ಲ," ಎಂದು ಹಿತ್ತಲಿಗೆ ಕರೆದೊಯ್ದು ತೋರಿಸಿದಳು. ಗೋಡೆಯ ಮೇಲೆ ಐದು ತುಂಡುಗಳು ಸಾಲಾಗಿದ್ದವು. ಒಂದನ್ನು ಎತ್ತಿ ನೋಡಿದೆ. ಚಿಕ್ಕಂದಿನಲ್ಲಿ ಚಿನ್ನಿದಾಂಡು ಆಡುವಾಗ ನನ್ನ ಮುಂದಿನ ಹಲ್ಲಿನ ಮೂಲೆ ಮುರಿದಿದೆ. ನಾನು ಕಚ್ಚಿದ್ದರ ಮೇಲೆಲ್ಲ ಒಂದು ಸಣ್ಣ ಗುಬುಟು ಉಳಿದುಬಿಡುತ್ತದೆ. ಐದು ತುಂಡುಗಳ ತುದಿಯಲ್ಲೂ ಆ ಗುಬುಟು ಇತ್ತು.

ಮರುದಿನದಿಂದ ನಾನು ಹಿತ್ತಲಿಗೆ ಹೋಗಲಿಲ್ಲ, ಚುರುಟು ಬಾಯಿಗಿಡಲೂ ಇಲ್ಲ. ಆದರೂ ಚುರುಟು ಪ್ರತಿ ಸಂಜೆ ಮುಗಿಯುತ್ತಿತ್ತು. ಆ ಅರ್ಧ ಗಂಟೆ ಅಡುಗೆಮನೆಯ ಕಿಟಕಿ ಮುಚ್ಚಿಕೊಂಡು ತೆಂಗಿನಕಾಯಿ ತುರಿಯುತ್ತಿದ್ದೆ. ಇಷ್ಟು ಒಳ್ಳೆಯ ಗಂಡ ಎಲ್ಲಿ ಸಿಗುತ್ತಾನೆ ಎಂದು ಅಮ್ಮಚ್ಚಿ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದರು.

ಹೆಣ್ಣುಮಗು ಹುಟ್ಟಿತು, ಏನೂ ಊನವಿಲ್ಲದೆ. ನಲವತ್ತನೆಯ ದಿನ ವಿಶಾಲು ಮಗುವನ್ನೆತ್ತಿಕೊಂಡು, "ನಡೀರಿ, ಇವತ್ತು ನೀವೇ ಇಟ್ಟು ಅವರಿಗೊಂದು ಮಾತು ಹೇಳಿ. ಮಲಯಾಳಂನಲ್ಲಿ ಹೇಳಿ, ಕನ್ನಡ ಅವರಿಗೆಲ್ಲಿ ಬರಬೇಕು," ಎಂದಳು. ಇನ್ನೂ ಬಿಸಿಲಿತ್ತು. ಕೆಂಡಕ್ಕೆ ತಾಗಿಸಿದ ಚುರುಟನ್ನು ಗೋಡೆಯ ಮೇಲಿಟ್ಟು, ಬಸ್ಸಿನಲ್ಲಿ, ಕಚೇರಿಯಲ್ಲಿ ಕಲಿತ ಮಲಯಾಳಂನಲ್ಲಿ, "ಮುತ್ತಪ್ಪಾ, ವಳರೆ ಉಪಕಾರಂ," ಎಂದೆ. ಬಹಳ ಉಪಕಾರವಾಯಿತು. ಎರಡು ಹೆಜ್ಜೆ ಹಿಂದೆ ಸರಿದು ನಿಂತೆ. ಸ್ವಲ್ಪ ಹೊತ್ತಿಗೆ ತುದಿಯ ಕೆಂಪು ಬೆಳಗಿತು, ಮಂಕಾಯಿತು, ಮತ್ತೆ ಬೆಳಗಿತು. ತೆಂಗಿನ ಗರಿಯೊಂದೂ ಅಲುಗುತ್ತಿರಲಿಲ್ಲ. ಯಾರೋ ಅವಸರವಿಲ್ಲದೆ ಎಳೆಯುತ್ತಿದ್ದರು.

ವಿಶಾಲು ಚುರುಟಿನ ಕಡೆ ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದಳು. "ಪಾಪ," ಎಂದಳು ಮಗುವಿನ ಹೊದಿಕೆ ಸರಿಮಾಡುತ್ತಾ, "ಮೊದಮೊದಲು ಅವರಿಗೆ ಸಿಗ್ತಾನೇ ಇರಲಿಲ್ಲ, ಅಲ್ವಾ?"

ಹಾಗಾದರೆ ಅವಳಿಗೆ ಗೊತ್ತಿತ್ತು. ಎಂದಿನಿಂದ? ನನ್ನ ಹಳೆಯ ತುಂಡುಗಳನ್ನೇ ಎತ್ತಿಟ್ಟುಕೊಂಡು ಅಂದು ಸಾಲಾಗಿ ಜೋಡಿಸಿದ್ದಳೇ? ಆಮೇಲಿನ ಅಷ್ಟು ತಿಂಗಳು? ಕಣ್ಣೆದುರಿಗೇ ಬೆಳಗಿ ಮಂಕಾದದ್ದು? ಕೇಳಿದರೆ ಒಂದು ನಿಮಿಷದಲ್ಲಿ ಬಗೆಹರಿಯುವ ವಿಷಯ. ಆದರೆ ಕೇಳಬೇಕಾದರೆ ಅದಕ್ಕೆ ಮುಂಚಿನ ದಿನಗಳಲ್ಲಿ ಸೇದಿದವನು ನಾನೆಂದು ನನ್ನ ಬಾಯಿಂದಲೇ ಬರಬೇಕು. ದೆವ್ವ ಉಂಟೋ ಇಲ್ಲವೋ ಎಂಬ ಪ್ರಶ್ನೆ ನಮ್ಮ ಮನೆಯಲ್ಲಿ ಇಂದಿಗೂ ತೀರ್ಮಾನವಾಗದೆ ಉಳಿದಿರುವುದು ನನ್ನ ಪುಕ್ಕಲುತನದಿಂದ. ಅದರಲ್ಲಿ ದೆವ್ವದ ಭಯ ಕಾಲುಭಾಗವೂ ಇಲ್ಲ.