ಮುಗ್ಗಂಟಲನಿಗೆ ಸಮನಾಗಿ ಕುಡಿದವನು

ತಲೆ ಆಡಿಸಿದ್ದೇ ತಪ್ಪಾಯಿತು.

ಅದನ್ನು ಹೇಳಿಕೊಟ್ಟವಳು ಹೆಂಡತಿ. ಬೆಳಗ್ಗೆ ಚಪ್ಪಲಿ ಮೆಟ್ಟುತ್ತಿದ್ದವನನ್ನು ಬಾಗಿಲಲ್ಲೇ ತಡೆದು, ಕೆಲಸ ಖಾಯಂ ಆಗುತ್ತದೋ ಇಲ್ಲವೋ ಸೋಮವಾರ ತೀರ್ಮಾನ, ಅಲ್ಲಿಯವರೆಗೆ ಮೇಡಂ ಏನೇ ಹೇಳಲಿ ಬಾಯಿ ಬಿಡಬೇಡಿ, ತಲೆ ಆಡಿಸಿ ಸಾಕು ಎಂದು ತಾಕೀತು ಮಾಡಿದ್ದಳು. ಅವಳ ಭಯಕ್ಕೆ ಕಾರಣವಿತ್ತು. ಹಿಂದೆ ಕನ್ನಡಕದ ಅಂಗಡಿಯಲ್ಲಿದ್ದಾಗ ಇವನು ಮಾಲೀಕರ ಕನ್ನಡಕವೇ ಸೊಟ್ಟಗಿದೆಯೆಂದು ಗಿರಾಕಿಗಳ ಎದುರಿಗೆ ಹೇಳಿ, ಆಮೇಲೆ ಸೊಟ್ಟಗಿರುವುದು ಕನ್ನಡಕವಲ್ಲ, ಮೂಗು ಎಂದು ತಿದ್ದಿಕೊಂಡು, ಅಂದೇ ಸಂಜೆ ಊಟದ ಡಬ್ಬಿ ಸಮೇತ ಮನೆಗೆ ಬಂದಿದ್ದ.

ಈಗ ಅವನಿದ್ದದ್ದು ಕಟ್ಟುಹಲ್ಲು ತಯಾರಿಸುವ ಕಾರ್ಖಾನೆಯಲ್ಲಿ. ಕಾರ್ಖಾನೆ ಎಂಬುದು ಬೋರ್ಡಿನ ಮೇಲಿನ ಮಾತು. ಮೆಟ್ಟಿಲು ಹತ್ತಿದರೆ ಉದ್ದನೆಯ ಒಂದು ಕೋಣೆ, ಗೋಡೆಯುದ್ದಕ್ಕೂ ಕಪಾಟು, ಕಪಾಟಿನ ತುಂಬ ಯಾರ್ಯಾರದೋ ಬಾಯಿಯ ಗಚ್ಚಿನ ಅಚ್ಚುಗಳು. ಬಿಳಿಚಿದ ದವಡೆಗಳು ಸಾಲಾಗಿ ಕೂತು, ಇವನು ಬಂದ ದಿನದಿಂದ ಇವನನ್ನೇ ನೋಡಿ ಬಾಯಿ ತೆರೆದುಕೊಂಡಂತಿದ್ದವು. ಸಿದ್ಧವಾದ ಹಲ್ಲುಗಳಿಗೆ ಪಾಲಿಶ್ ಹಾಕುವುದು ಇವನ ಕೆಲಸ. ಬಂದು ತಿಂಗಳುಗಳಾಗಿದ್ದರೂ ಎಲ್ಲರ ಬಾಯಲ್ಲೂ ಅವನು ಇನ್ನೂ ‘ಹೊಸಬ’.

ಹೊಸಬನಿಗೆ ಮೇಡಂ ಎಂದರೆ ಪ್ರಾಣ ನಡುಗುತ್ತಿತ್ತು. ಆಕೆ ಕಾರ್ಖಾನೆಯ ಯಜಮಾನಿ. ಬೆಳಗ್ಗೆ ಬಂದು ಕುರ್ಚಿಯಲ್ಲಿ ಕೂತರೆ ಬಾಗಿಲು ಹಾಕುವವರೆಗೆ ಏಳುವವರಲ್ಲ. ಇವನು ಪಾಲಿಶ್ ಮಾಡಿ ತಂದ ಸೆಟ್ಟನ್ನು ದೀಪಕ್ಕೆ ಹಿಡಿದು ನೋಡಿ, ಎರಡೂ ದವಡೆಗಳನ್ನು ಇವನ ಕಿವಿಯ ಹತ್ತಿರ ತಂದು ಟಕ್ಕೆಂದು ಕಚ್ಚಿಸುತ್ತಿದ್ದರು. ಸದ್ದು ಸರಿಯಿದ್ದರೆ ಏನೂ ಹೇಳುತ್ತಿರಲಿಲ್ಲ. ಸರಿಯಿಲ್ಲದಿದ್ದರೂ ಏನೂ ಹೇಳುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದರು. ಆ ನೋಟಕ್ಕಿಂತ ಕಿವಿ ಕಚ್ಚಿಸಿಕೊಳ್ಳುವುದೇ ಮೇಲು ಎಂದು ಅವನಿಗೆ ಅನ್ನಿಸಿದ್ದುಂಟು.

ಶನಿವಾರ ಅರ್ಧ ದಿನದ ಕೆಲಸ. ಆಮೇಲೆ ಕಾರ್ಖಾನೆಯವರು ಮನೆಗೆ ಹೋಗದೆ ಅದೇ ಮೇಜಿನ ಸುತ್ತ ಕೂತು ಒಂದು ಆಟ ಆಡುತ್ತಾರೆ ಎಂದು ಹೊಸಬ ಕೇಳಿದ್ದ. ಮೇಡಂ ಕತೆ ನಡೆಸುತ್ತಾರೆ. ಕಾಡು, ಕೋಟೆ, ರಾಕ್ಷಸರು ಎಲ್ಲ ಅವರ ಪಾಲಿಗೆ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಆ ಪಾತ್ರದ ಬಾಯಲ್ಲಿ ಮಾತಾಡುತ್ತ ಕತೆಯೊಳಗೆ ಅಲೆಯುತ್ತಾರೆ. ದೊಡ್ಡವರಿಗೆ ಇದೆಂಥ ಹುಚ್ಚು ಎಂದುಕೊಂಡು ಅವನು ಪ್ರತಿ ಶನಿವಾರವೂ ಮೊದಲು ಮೆಟ್ಟಿಲಿಳಿಯುತ್ತಿದ್ದ. ಆದರೆ ಈ ಶನಿವಾರ ಪ್ಯಾಕಿಂಗ್‌ನವನಿಗೆ ಮಂಗನಬಾವು ಬಂದು ಅವನ ಪಾತ್ರ ಅನಾಥವಾಗಿತ್ತು. ಮೇಡಂ ಕುರ್ಚಿಯಿಂದಲೇ ಕುತ್ತಿಗೆ ತಿರುಗಿಸಿ, ಹೊಸಬ ಕೂರುತ್ತಾನೋ ಎಂದು ಕೇಳಿದರು.

ಹೊಸಬ ತಲೆ ಆಡಿಸಿದ.

ಮೇಜಿನ ಮೇಲೆ ಮೇಣದ ಮೂರು ಗೊಂಬೆಗಳಿದ್ದವು. ಒಂದು ಮಾಟಗಾತಿ. ಅದು ಮೇಣದ ಕೆಲಸ ನೋಡಿಕೊಳ್ಳುವ ಮೇಣದಕ್ಕನದು. ಒಬ್ಬ ಬಿಲ್ಲುಗಾರ, ಅದು ಅಚ್ಚು ಎರೆಯುವ ಅಚ್ಚಣ್ಣನದು. ಮೂರನೆಯದು ಎಮ್ಮೆಯಂಥ ಕೊಡಲಿವೀರ. ಅದೇ ಈಗ ಹೊಸಬನ ಪಾಲಿಗೆ ಬಂದದ್ದು. ಕತೆಯಲ್ಲಿ ಯಾರಾದರೂ ಸತ್ತರೆ ಅವರ ಗೊಂಬೆ ಪಕ್ಕದ ಒಲೆಯ ಮೇಲಿನ ಬಾಣಲೆಗೆ ಬೀಳುತ್ತದೆ ಎಂದು ಮೇಣದಕ್ಕ ವಿವರಿಸಿದಳು. ಬಾಣಲೆಯಲ್ಲಿ ಮೇಣ ಆಗಲೇ ಗುಳುಗುಳು ಅನ್ನುತ್ತಿತ್ತು. ವರ್ಷಗಟ್ಟಲೆ ಸಾಕಿದ ಮಾಟಗಾತಿ, ಹೆತ್ತ ಮಗಳಿಗಿಂತ ಹೆಚ್ಚು ಮಾತು ಕೇಳುತ್ತಾಳೆ ಎಂದು ಅದರ ಬೆನ್ನು ಸವರಿ, ಇವಳಿಗೇನಾದರೂ ಆದರೆ ತಾನು ಮನುಷ್ಯಳಾಗಿ ಉಳಿಯುವುದಿಲ್ಲವೆಂದು ಮೆಲ್ಲಗೆ ಸೇರಿಸಿದಳು. ಅಚ್ಚಣ್ಣ ಮೇಜಿನ ಕೆಳಗೆ ಹೊಸಬನ ಪಾದದ ಮೇಲೆ ತನ್ನ ಪಾದವಿಟ್ಟು ಒಮ್ಮೆ ಒತ್ತಿದ.

ಮೇಡಂ ಕೂತಲ್ಲಿಂದಲೇ ಪರದೆ ಎಳೆದರು. ಮಧ್ಯಾಹ್ನವೇ ಕೋಣೆ ಮಬ್ಬಾಯಿತು. ದೀಪವೊಂದನ್ನು ಮೇಜಿನ ಅಂಚಿಗೆ ಸರಿಸಿ, ಡ್ರಾಯರಿನಿಂದ ಏನನ್ನೋ ತೆಗೆದು ಅದರ ಮುಂದಿಟ್ಟರು.

ಅದನ್ನು ನೋಡಿ ಹೊಸಬ ಸ್ಟೂಲನ್ನು ಹಿಂದಕ್ಕೆ ಸರಿಸಿದ. ವಸಡಿನ ಬಣ್ಣದ ಒಂದು ಮುದ್ದೆ, ಅದಕ್ಕೆ ಒಂದರ ಕೆಳಗೊಂದು ಮೂರು ಬಾಯಿ, ಮೂರು ಬಾಯಿಯಲ್ಲೂ ನಿಜವಾದ ಕಟ್ಟುಹಲ್ಲಿನ ಸಾಲು. ಕೆಲವಕ್ಕೆ ಪಾಲಿಶ್ ಹಾಕಿದವನು ತಾನೇ ಎಂದು ಅವನಿಗೆ ಗುರುತು ಹತ್ತಿತು.

ಇವನೇ ಮುಗ್ಗಂಟಲ ಎಂದರು ಮೇಡಂ. ಕಣಿವೆಯ ಆಚೆಗೆ ದಾಟುವ ದಾರಿಯಲ್ಲಿ ಇರುವುದು ಇವನದೊಂದೇ ಮದ್ಯದಂಗಡಿ. ಅಂಗಡಿಯ ಹಿಂಬಾಗಿಲೇ ಕಣಿವೆಯ ಬಾಗಿಲು. ಆ ಬಾಗಿಲು ತೆರೆಯಬೇಕಾದರೆ ಗುಂಪಿನಲ್ಲಿ ಒಬ್ಬರು ಇವನಿಗೆ ಸಮನಾಗಿ ಕುಡಿದು, ಇವನನ್ನು ಸೋಲಿಸಬೇಕು. ಸೋತರೆ ಇಡೀ ಗುಂಪಿನ ಹಲ್ಲು ಕಿತ್ತು ಮಾಲೆ ಮಾಡಿಕೊಂಡು, ಉಳಿದದ್ದನ್ನು ನುಂಗುತ್ತಾನೆ. ಇಷ್ಟು ಹೇಳಿ ಮೇಡಂ ಏಪ್ರನ್ನಿನ ಜೇಬಿನಿಂದ ಇಕ್ಕಳ ತೆಗೆದು ಗೊಂಬೆಯ ಪಕ್ಕದಲ್ಲಿಟ್ಟರು. ಆಟಕ್ಕೆ ಇಕ್ಕಳ ಯಾಕೆ ಎಂದು ಕೇಳುವ ಧೈರ್ಯ ಹೊಸಬನಿಗಿರಲಿಲ್ಲ.

ಉಳಿದ ಕಡೆ ಎಲ್ಲ ದಾಳ ಉರುಳಿಸಿ ನಿರ್ಧರಿಸುತ್ತಾರಂತೆ. ಮುಗ್ಗಂಟಲನ ಅಂಗಡಿಯಲ್ಲಿ ಮಾತ್ರ ದಾಳವಿಲ್ಲ. ಪಾತ್ರ ಒಂದು ಲೋಟ ಮದ್ಯ ಕುಡಿದರೆ ಆಡುವವನು ಒಂದು ಲೋಟ ನೀರು ಕುಡಿಯಲೇಬೇಕು. ಮುಗ್ಗಂಟಲ ಕುಡಿದರೆ ಮೇಡಂ ಕುಡಿಯಬೇಕು. ಕುರ್ಚಿ ಬಿಟ್ಟು ಮೊದಲು ಎದ್ದವರು ಸೋತರು. ಮೇಣದಕ್ಕ, ಅಚ್ಚಣ್ಣ, ಪ್ಯಾಕಿಂಗ್‌ನವನು ಎಲ್ಲರೂ ಈ ಗೊಂಬೆಗಳಿಗಿಂತ ಮೊದಲು ಬೇರೆ ಬೇರೆ ಪಾತ್ರವಾಗಿ ಇಲ್ಲಿಗೆ ಬಂದು, ಕೂತಲ್ಲೇ ಒದ್ದಾಡಿ, ಎದ್ದು ಓಡಿ, ಬಾಣಲೆ ಸೇರಿದವರೇ.

“ಕುಡಿಯೋಕೆ ಯಾರು ಬರ್ತೀರಿ?” ಎಂದರು ಮೇಡಂ. ಅದು ಅವರ ದನಿಯಾಗಿರಲಿಲ್ಲ. ಬಾವಿಯ ತಳದಲ್ಲಿ ಕಲ್ಲು ಉರುಳಿಸಿದಂಥ ದನಿ.

ಅಚ್ಚಣ್ಣ ಪಾದ ಒತ್ತಿದ. ಹೊಸಬನ ತಲೆ ತಾನಾಗಿಯೇ ಆಡಿತು.

ಮೇಣದಕ್ಕ ಎರಡು ಸ್ಟೀಲ್ ಲೋಟ, ದೊಡ್ಡದೊಂದು ಜಗ್ಗು ತಂದಿಟ್ಟಳು. ಮೊದಲ ಲೋಟ ಎತ್ತುವಾಗಲೇ ಹೊಸಬನ ಮನಸ್ಸು ಎರಡಾಗಿತ್ತು. ಗೆದ್ದರೆ ಸೋಮವಾರ ತೀರ್ಮಾನ ಮಾಡಬೇಕಾದ ಯಜಮಾನಿಯನ್ನೇ ಕೆಲಸದವರೆದುರು ಸೋಲಿಸಿದಂತೆ. ಸೋತರೆ ಮಾಟಗಾತಿ ಬಾಣಲೆಗೆ, ಆಮೇಲೆ ಮೇಣದಕ್ಕನ ಪಕ್ಕದ ಸ್ಟೂಲಿನಲ್ಲಿ ದಿನವಿಡೀ ಕೂತು ಕೆಲಸ ಮಾಡಬೇಕು, ಅವಳ ಕೈಯಲ್ಲೋ ಸದಾ ಮೇಣ ಕೆತ್ತುವ ಕಾದ ಚಾಕು. ಯೋಚಿಸಿ ನೋಡಿದ. ಕೆಲಸವೇ ಇಲ್ಲದಿದ್ದರೆ ಸ್ಟೂಲೂ ಇಲ್ಲ, ಚಾಕುವೂ ಇಲ್ಲ. ಮೇಡಂಗೇ ಸೋಲುವುದು ಒಳ್ಳೆಯದು ಎಂದು ನಿಶ್ಚಯಿಸಿದ. ಎರಡು ಲೋಟ ಕುಡಿದಂತೆ ಮಾಡಿ ಎದ್ದುಬಿಟ್ಟರಾಯಿತು.

ಎರಡು ಲೋಟ ಆಯಿತು. ಏಳಲು ಹೋದ. ಕಾಲು ಏಳಲಿಲ್ಲ.

ಮೇಡಂ ಆಗಷ್ಟೇ ದೀಪದ ಮೇಲೆ ಬಾಗಿ, ಕೆಳಗಿನಿಂದ ಬೆಳಕು ಬಿದ್ದ ಮುಖವನ್ನು ಇವನ ಹತ್ತಿರಕ್ಕೆ ತಂದಿದ್ದರು. ಮುಗ್ಗಂಟಲನ ಮೊದಲನೆಯ ಗಂಟಲು ನಿನ್ನನ್ನು ನೋಡಿ ನಗುತ್ತಿದೆ, ಎರಡನೆಯದು ನಿನ್ನ ಹಲ್ಲು ಎಣಿಸುತ್ತಿದೆ, ಮೂರನೆಯದಕ್ಕೆ ಹಸಿವಾಗಿದೆ ಎಂದು ಆ ಬಾವಿಯ ದನಿಯಲ್ಲಿ ವರ್ಣಿಸುತ್ತಿದ್ದರು. ಹೊಸಬನ ನಾಲಗೆ ಸುಣ್ಣದ ಗೋಡೆಯಂತೆ ಒಣಗಿತ್ತು. ಕೈ ತಾನಾಗಿ ಲೋಟ ಹುಡುಕಿತು.

“ಸಾಕಾ?” ಎಂದು ಕೇಳಿದ ಮುಗ್ಗಂಟಲ.

ಸಾಕು ಎಂದು ತಲೆಯನ್ನು ಮೇಲೆ ಕೆಳಗೆ ಆಡಿಸಬೇಕೆಂದೇ ಹೊಸಬ ಹೊರಟದ್ದು. ಆದರೆ ಕುತ್ತಿಗೆ ಎಷ್ಟು ನಡುಗುತ್ತಿತ್ತೆಂದರೆ ತಲೆ ಎಡಕ್ಕೂ ಬಲಕ್ಕೂ ಹೋಯಿತು. ಮೇಣದಕ್ಕ ಮೆಚ್ಚಿಕೊಂಡು ಇನ್ನೊಂದು ಲೋಟ ಬಗ್ಗಿಸಿದಳು.

ಅಲ್ಲಿಂದ ಮುಂದೆ ಆದದ್ದು ಯಾರೂ ಎಣಿಸದ ವ್ಯವಹಾರ. ಮೇಡಂ ಹೆದರಿಸಿದಷ್ಟೂ ಹೊಸಬನ ಗಂಟಲು ಒಣಗುತ್ತಿತ್ತು, ಗಂಟಲು ಒಣಗಿದಷ್ಟೂ ಕುಡಿಯುತ್ತಿದ್ದ, ಕುಡಿದದ್ದೆಲ್ಲ ಹೊಟ್ಟೆಗೆ ಇಳಿಯುವ ಮೊದಲೇ ಬೆವರಾಗಿ ಹೊರಡುತ್ತಿತ್ತು. ಹಣೆಯಿಂದ ಇಳಿದು ಗಲ್ಲದಿಂದ ತೊಟ್ಟಿಕ್ಕಿತು. ಅಂಗಿ ಬೆನ್ನಿಗೆ ಅಂಟಿತು. ಅಚ್ಚಣ್ಣ ಗಚ್ಚು ಒರೆಸುವ ಬಟ್ಟೆಯನ್ನು ಇವನ ಕೊರಳಿಗೆ ಸುತ್ತಿದ, ಸ್ವಲ್ಪ ಹೊತ್ತಿನಲ್ಲಿ ಅದನ್ನು ತೆಗೆದುಕೊಂಡು ಹೋಗಿ ತೊಟ್ಟಿಯಲ್ಲಿ ಹಿಂಡಿ ತಂದ. ತೂತು ಬಿಂದಿಗೆಗೆ ನೀರು ಹೊಯ್ದ ಹಾಗೆ ಜಗ್ಗಿನ ಮೇಲೆ ಜಗ್ಗು ಖಾಲಿಯಾಗುತ್ತಿತ್ತು.

ಎದುರಿನ ಕುರ್ಚಿಯಲ್ಲಿ ಬೆವರಲು ಕಾರಣವೇ ಇರಲಿಲ್ಲ. ಮೇಡಂಗೆ ಮುಗ್ಗಂಟಲನ ಭಯವೂ ಇಲ್ಲ, ಸೋಮವಾರದ ಭಯವೂ ಇಲ್ಲ. ಅವರು ಕುಡಿದದ್ದು ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಗಿ ಸೇರುತ್ತಿತ್ತು.

ಮೊದಲು ಗಮನಿಸಿದವಳು ಮೇಣದಕ್ಕ. ಮೇಡಂ ಕಾಲಿನ ಮೇಲೆ ಕಾಲು ಹಾಕಿದರು, ಆಮೇಲೆ ಆ ಕಾಲು ತೆಗೆದು ಈ ಕಾಲು ಹಾಕಿದರು. ಬಾವಿಯ ದನಿ ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಬರತೊಡಗಿತು. ಮೂರನೆಯ ಗಂಟಲಿನ ಮಾತನ್ನು ಹೇಳುವಾಗಲಂತೂ ಅದು ಕಿರಿದಾಗಿ, ಕೀಲಿಗೆ ಎಣ್ಣೆ ಕಾಣದ ಬಾಗಿಲಿನ ಸದ್ದಾಯಿತು. ಬಟ್ಟೆ ಹಿಂಡಲು ಹೋದ ಅಚ್ಚಣ್ಣ ತೊಟ್ಟಿಯ ನಲ್ಲಿಯನ್ನು ಪೂರ್ತಿ ಮುಚ್ಚದೆ ಬಂದು ಕೂತ. ಕೋಣೆಯ ನಿಶ್ಶಬ್ದದಲ್ಲಿ ನೀರು ಸಣ್ಣಗೆ, ಬಿಡದೆ, ಜಿರ್ರೆಂದು ಬೀಳುತ್ತಿತ್ತು.

ಮೇಡಂ ಅಚ್ಚಣ್ಣನನ್ನು ನೋಡಿದರು. ಅಚ್ಚಣ್ಣ ಕಪಾಟಿನ ದವಡೆಗಳನ್ನು ನೋಡಿದ.

ಹೊಸಬ ಇನ್ನೊಂದು ಲೋಟ ಬರಿದುಮಾಡಿ, ಮತ್ತೆ ಮುಂದಕ್ಕೆ ಚಾಚಿದ. ಮೇಡಂ ತಮ್ಮ ಲೋಟವನ್ನು ತುಟಿಯವರೆಗೆ ತಂದರು, ಹಾಗೇ ಕೆಳಗಿಟ್ಟರು. ಎದ್ದು ನಿಂತರು. ಬಾಗಿಲಿನವರೆಗೆ ಗಂಭೀರವಾಗಿಯೇ ನಡೆದರು. ಬಾಗಿಲು ದಾಟಿದ ಮೇಲೆ ಹೊರಗಿನ ಓಣಿಯಲ್ಲಿ ಅವರ ಚಪ್ಪಲಿ ಪಟಪಟನೆ ಓಡುವ ಸದ್ದು ಎಲ್ಲರಿಗೂ ಕೇಳಿಸಿತು.

ಮೇಣದಕ್ಕ ಮಾಟಗಾತಿಯನ್ನು ಎದೆಗೊತ್ತಿಕೊಂಡಳು. ಅಚ್ಚಣ್ಣ ಹೊಸಬನ ಒದ್ದೆ ಬೆನ್ನು ತಟ್ಟಿ, ಕೈ ಒರೆಸಿಕೊಂಡ. ಗೆದ್ದವನು ಮಾತ್ರ ಗೋಣು ತಗ್ಗಿಸಿ ಕೂತಿದ್ದ. ಮೇಡಂ ಕುರ್ಚಿ ಬಿಟ್ಟು ಎದ್ದದ್ದನ್ನು ಈ ಕೋಣೆಯಲ್ಲಿ ಯಾರೂ ನೋಡಿರಲಿಲ್ಲ. ನೋಡುವ ಹಾಗೆ ಮಾಡಿದವನು ತಾನು. ಸೋಮವಾರದವರೆಗೆ ಕಾಯುವ ಅಗತ್ಯವೂ ಇಲ್ಲ ಎಂದುಕೊಂಡು, ಬಗ್ಗಿ ಊಟದ ಡಬ್ಬಿ ಎತ್ತಿಕೊಂಡು ಮಡಿಲಲ್ಲಿಟ್ಟುಕೊಂಡ. ಮನೆಯಲ್ಲಿ ಹೇಗೆ ಹೇಳುವುದು? ಈ ಸಲ ಬಾಯಿ ಬಿಡಲೇ ಇಲ್ಲ ಕಣೆ, ಬರೀ ನೀರು ಕುಡಿದೆ ಎಂದರೆ ಅವಳು ನಂಬುತ್ತಾಳೆಯೇ?

ಮೇಡಂ ಹಿಂದಿರುಗಿದರು. ಮುಖ ತೊಳೆದುಕೊಂಡಿದ್ದರು. ಬಾಗಿಲಲ್ಲಿ ನಿಂತು ಹೊಸಬನನ್ನು ನೋಡಿ ನಕ್ಕರು. ಅವರು ನಕ್ಕದ್ದನ್ನೂ ಯಾರೂ ನೋಡಿರಲಿಲ್ಲವಾದ್ದರಿಂದ ಹೊಸಬನ ಕೊರಳಿನ ಬಟ್ಟೆ ಮತ್ತೊಮ್ಮೆ ಒದ್ದೆಯಾಯಿತು.

“ಅಂತೂ ಒಬ್ಬ ಸಿಕ್ಕಿದ ನೋಡು,” ಎಂದರು. ದನಿ ಬಾವಿಯದೂ ಅಲ್ಲ, ಯಜಮಾನಿಯದೂ ಅಲ್ಲ. ಯಾರೋ ಚಿಕ್ಕ ಹುಡುಗಿಯದೆಂಬಷ್ಟು ಹಗುರ.

ಆಮೇಲೆ ಅವರು ಕೂರದೆ ನಿಂತೇ ಎಲ್ಲ ಹೇಳಿದರು. ಈ ಅಂಗಡಿಗೆ ಇನ್ನೊಂದು ಕಟ್ಟಳೆಯಿದೆ. ಮುಗ್ಗಂಟಲನನ್ನು ಸೋಲಿಸಿದವರು ತಾವೇ ಮುಗ್ಗಂಟಲನಾಗಿ, ಕತೆ ನಡೆಸುವ ಕುರ್ಚಿಯಲ್ಲಿ ಕೂರಬೇಕು. ಹಿಂದೆ ಈ ಕಾರ್ಖಾನೆ ನಡೆಸುತ್ತಿದ್ದ ತಮ್ಮ ಚಿಕ್ಕಪ್ಪ ಆ ಕುರ್ಚಿಯಲ್ಲಿ ಕೂತಿದ್ದರು. ತಾವು ಏನೂ ತಿಳಿಯದೆ ಅವರಿಗೆ ಸಮನಾಗಿ ಕುಡಿದು ಗೆದ್ದು ಸಿಕ್ಕಿಬಿದ್ದವರು. ಅಂದಿನಿಂದ ಶನಿವಾರ ಬಂತೆಂದರೆ ಗುಟುರು ಹಾಕಿ ಹಾಕಿ ಗಂಟಲು ಹರಿದುಹೋಗಿದೆ. ವಾರವೆಲ್ಲ ಮಾತಾಡದೆ ಬರೀ ನೋಡುವುದು ಗಂಟಲಿಗೆ ವಿಶ್ರಾಂತಿ ಕೊಡಲೆಂದು. ಬೇಕೆಂದೇ ಸೋಲಬಹುದಿತ್ತು, ಆದರೆ ಕಳ್ಳಸೋಲು ಲೆಕ್ಕಕ್ಕಿಲ್ಲ. ಇವರೆಲ್ಲ ನೋಡಿದರೆ ನಾಲ್ಕು ಲೋಟಕ್ಕೇ ಎದ್ದು ಓಡುವ ಜನ.

ಹೀಗೆ ಹೇಳುತ್ತ ಅವರು ಡ್ರಾಯರಿನ ಮೂಲೆಯಿಂದ ಪುಟ್ಟದೊಂದು ಮೇಣದ ಗೊಂಬೆ ತೆಗೆದರು. ಕೊಳಲು ಹಿಡಿದ ಹುಡುಗಿ. ಎಂದಾದರೂ ಬಿಡುಗಡೆಯಾದರೆ ಇವಳಾಗಬೇಕು ಎಂದು ಎಂದೋ ಮಾಡಿಟ್ಟುಕೊಂಡದ್ದು. ಅದನ್ನು ಮಾಟಗಾತಿಯ ಪಕ್ಕದಲ್ಲಿ ನಿಲ್ಲಿಸಿ, ಹೊಸಬನನ್ನು ಭುಜ ಹಿಡಿದು ಎಬ್ಬಿಸಿ, ದೀಪದ ಹಿಂದಿನ ದೊಡ್ಡ ಕುರ್ಚಿಯಲ್ಲಿ ಕೂರಿಸಿದರು. ಮೂರು ಬಾಯಿಯ ಮುದ್ದೆಯನ್ನೂ ಇಕ್ಕಳವನ್ನೂ ಅವನ ಮುಂದೆ ಸರಿಸಿದರು. ತಾವು ಬಂದು ಇವನ ಸ್ಟೂಲಿನಲ್ಲಿ ಕೂತರು.

ಹೊಸಬ ಬೆಳಗ್ಗಿನಿಂದ ಮೊದಲ ಬಾರಿಗೆ ಬಾಯಿ ಬಿಟ್ಟ. ಸೋಮವಾರ, ಕೆಲಸ ಎಂದೇನೋ ತೊದಲಿದ.

“ಸೋಮವಾರ ಯಾಕೆ, ಈಗಲೇ ಹೇಳ್ತೀನಿ. ಕೆಲಸ ಖಾಯಂ,” ಎಂದರು ಮೇಡಂ. “ಎರಡೂ.”

ಆ ಮಾತು ಕಿವಿಗೆ ಬೀಳುತ್ತಲೇ ಹೊಸಬನ ಎದೆಯ ಮೇಲಿನ ಬಂಡೆ ಉರುಳಿಹೋಯಿತು. ಭಯ ಎಂಬುದು ಮೈಯಿಂದ ಪೂರ್ತಿ ಇಳಿದುಹೋಯಿತು. ಬೆವರು ನಿಂತಿತು. ನಿಂತ ಮರುಗಳಿಗೆಯೇ, ಇಷ್ಟು ಹೊತ್ತು ದಾರಿ ತಪ್ಪಿ ಅಲೆಯುತ್ತಿದ್ದ ಕೊನೆಯ ಲೋಟಗಳೆಲ್ಲ ಒಟ್ಟಾಗಿ, ಹೋಗಬೇಕಾದ ಜಾಗವನ್ನು ಹುಡುಕಿಕೊಂಡು ಬಂದು ಸೇರಿದವು. ಅವನ ಕಣ್ಣುಗಳು ತಾವಾಗಿ ಅಗಲವಾದವು. ಕುರ್ಚಿಯ ಕೈಗಳನ್ನು ಹಿಡಿದು ಏಳಲು ಹೋದ.

ಮೇಡಂ ಬೆರಳು ಆಡಿಸಿದರು. ಅಂಗಡಿ ಮುಚ್ಚುವವರೆಗೆ ಮುಗ್ಗಂಟಲ ಕುರ್ಚಿ ಬಿಡುವಂತಿಲ್ಲ, ಬಿಟ್ಟರೆ ಎರಡೂ ಕೆಲಸ ಹೋದಂತೆ ಎಂದು ಆ ಹಗುರವಾದ ದನಿಯಲ್ಲೇ ತಿಳಿಸಿದರು. ಹಾಗಾದರೆ ಪಂದ್ಯಕ್ಕೆ ಬನ್ನಿ, ಯಾರಾದರೂ ಬನ್ನಿ ಎಂದು ಹೊಸಬ ಬೇಡಿಕೊಂಡ. ಕೊಳಲಿನ ಹುಡುಗಿ ಕುಡಿಯುವುದಿಲ್ಲವಂತೆ. ಮಾಟಗಾತಿಗೆ ವ್ರತವಂತೆ. ಬಿಲ್ಲುಗಾರನಿಗೆ ಬಾಯಾರಿಕೆಯೇ ಇಲ್ಲವಂತೆ.

ಕಾಲಿನ ಮೇಲೆ ಕಾಲು ಹಾಕಿ, ಹಲ್ಲು ಕಚ್ಚಿ, ಅಂಗಡಿ ಮುಚ್ಚುವುದು ಎಷ್ಟು ಹೊತ್ತಿಗೆ ಎಂದು ಮುಗ್ಗಂಟಲ ಕೇಳಿದ.

ಮೇಣದಕ್ಕ ಸ್ಟೂಲು ಮುಂದಕ್ಕೆಳೆದುಕೊಂಡು, ಸೆರಗು ಸರಿಮಾಡಿ, ಆರಾಮಾಗಿ ಕೂತಳು.

“ಅದೇನು ಅವಸರ ಮಾರಾಯ,” ಎಂದಳು. “ನಾವು ಈಗಷ್ಟೇ ಒಳಗೆ ಬರ್ತಾ ಇದ್ದೀವಿ.”