ಹುರಿಹಿಟ್ಟಿನ ಅಕ್ಕನಿಗೆ ಬಂಡವಾಳ ಹುಡುಕಿದ್ದು

ಹಾಸನದ ಆಡಿಟರ್ ನಾನು. ನನ್ನ ಕೆಲಸದಲ್ಲಿ ಲೆಕ್ಕ ಹೇಗೋ ತಾಳೆಯಾಗುತ್ತೆ, ಕೈಕೊಡೋದು ಜನರ ಒಳ್ಳೇತನ. ವರ್ಷಕ್ಕೊಂದಾದರೂ ಇಂಥದ್ದು ಆಗೇ ಆಗುತ್ತೆ.

೧. ಇಬ್ಬರು ದುಡ್ಡಿನೋರು

ಕೊಣನೂರಲ್ಲಿ ಒಬ್ಬ ಅಕ್ಕ ರಾಗಿ ಹುರಿಹಿಟ್ಟು ಮಾಡಿ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಅಂಗಡಿಗಳಿಗೆಲ್ಲ ಕಳಿಸ್ತಾರೆ. ಹುರಿದೂ ಹುರಿದೂ ಬಲಗೈ ಎತ್ತೋಕಾಗದ ಹಾಗಾಗಿತ್ತು. ಹುರಿಯೋ ಮಷಿನ್ ಬರದಿದ್ರೆ ಯುಗಾದಿಗೆ ಒಲೆ ಆರಿಸಿಬಿಡ್ತೀನಿ ಅಂದರು. ಆರು ಜನ ಹೆಂಗಸರ ಕೆಲಸವೂ ಹೋಗ್ತಿತ್ತು.

ಬೆಂಗಳೂರಿನ ಒಂದು ಹೂಡಿಕೆ ಕಂಪನಿಗೆ ಬರೆದೆ. ಅಲ್ಲಿ ಎರಡು ವಿಭಾಗ. ವೆಂಚರ್ ಕ್ಯಾಪಿಟಲ್‌ನವರು ಈಗಷ್ಟೇ ಶುರುವಾದ ವ್ಯಾಪಾರಕ್ಕೆ, ಮುಂದೆ ಬೆಳೆದೀತು ಅನ್ನೋ ನಂಬಿಕೆ ಮೇಲೆ ದುಡ್ಡು ಹಾಕ್ತಾರೆ. ಗ್ರೋತ್ ಕ್ಯಾಪಿಟಲ್‌ನವರು ಆಗಲೇ ಚೆನ್ನಾಗಿ ನಡೀತಿರೋದನ್ನ ದೊಡ್ಡದು ಮಾಡೋಕೆ ಹಾಕ್ತಾರೆ. ಇಬ್ಬರೂ ಪಾಲು ಕೇಳ್ತಾರೆ ಅಂತ ಅಕ್ಕನಿಗೆ ಬಿಡಿಸಿ ಹೇಳಿದೆ.

"ಒಬ್ಬ ಬಿತ್ತನೆಗೆ ಕೊಡೋನು, ಇನ್ನೊಬ್ಬ ಮೇಲುಗೊಬ್ಬರಕ್ಕೆ ಕೊಡೋನು. ಕುಯ್ಲಿಗೆ ಮಾತ್ರ ಇಬ್ರೂ ಬತ್ತಾರೆ ಅನ್ನಿ ಸಾ."

೨. ಊರಿನ ಉಪಕಾರ

ಮೊದಲು ಗ್ರೋತ್‌ನವನು ಬಂದ. ನನಗಾಗಲಿ ಅಕ್ಕನಿಗಾಗಲಿ ಹೇಳದೆ, ಅಕ್ಕನ ಮನೆ ಎದುರಿನ ಟೀ ಅಂಗಡೀಲಿ ಲ್ಯಾಪ್‌ಟಾಪ್ ತೆಗೆದು, ಹುರಿಹಿಟ್ಟು ಎಷ್ಟು ಖರ್ಚಾಗುತ್ತೆ ಅಂತ ವಿಚಾರಿಸಿದ. ನಮ್ಮ ಕಡೆ ಇಸ್ತ್ರಿ ಶರ್ಟಿನೋನು ವ್ಯಾಪಾರದ ವಿಚಾರ ಕೇಳಿದ ಅಂದ್ರೆ ಅವನು ತೆರಿಗೆಯೋನೇ. ಅಕ್ಕ ಒಂದು ಪೈಸೆ ತೆರಿಗೆ ಉಳಿಸಿಕೊಂಡೋರಲ್ಲ, ಆದರೂ ಟೀ ಅಂಗಡಿಯವನು ಟೊಂಕ ಕಟ್ಟಿ ನಿಂತ. ಯಾಪಾರ ಎಲ್ಲಿ ಬಂತು ಸಾ, ಪಾಪ, ಅಕ್ಕಪಕ್ಕದ ಮಕ್ಕಳಿಗೆ ಒಂದಿಷ್ಟು ಕಲಸಿ ಕೊಡ್ತದೆ ಅಂದ. ಅಷ್ಟಕ್ಕೇ ಬಿಡದೆ, ತೆರಿಗೆಯೋನು ಬರ್ತಾವ್ನೆ ಅಂತ ಅರಕಲಗೂಡಿನ ಅಂಗಡಿಗೂ ಫೋನ್ ಮಾಡಿದ.

ಗ್ರೋತ್‌ನವನು ಅಲ್ಲಿಗೆ ಹೋಗೋಷ್ಟರಲ್ಲಿ ಪಾಕೀಟೆಲ್ಲ ಗೋಣಿಚೀಲದ ಕೆಳಗೆ ಸೇರಿದ್ವು. ನಾನು ಕಳಿಸಿದ್ದ ಲೆಕ್ಕವೆಲ್ಲ ಕಟ್ಟುಕತೆ ಅಂದುಕೊಂಡು ಆಸಾಮಿ ಬೆಂಗಳೂರಿಗೆ ಹೊರಟೇಹೋದ. ಅರಕಲಗೂಡಿನೋನು ಅವನನ್ನೇ, "ಉರಿಹಿಟ್ಟು ಅಂದ್ರೆ ಏನ್ ಸಾ?" ಅಂತ ಕೇಳಿದನಂತೆ.

೩. ತಪ್ಪು ತಿದ್ದಿಕೊಂಡದ್ದು

ಟೀ ಅಂಗಡಿಯವನಿಗೆ ಚೆನ್ನಾಗಿ ಉಗಿದೆ. ಪಾಪ, ತುಂಬ ನೊಂದುಕೊಂಡ. ಮುಂದಿನ ವಾರ ವೆಂಚರ್‌ನವನು ಬಂದಾಗ ಪ್ರಾಯಶ್ಚಿತ್ತಕ್ಕೆ ನಿಂತ. ಅಕ್ಕನ ಹುರಿಹಿಟ್ಟು ದುಬೈಗೆ ದಿನಾ ಒಂದು ಲಾರಿ ಹೋಗುತ್ತೆ ಅಂದ. ಇಷ್ಟು ಬೆಳೆದಿರೋರಿಗೆ ನಮ್ಮ ದುಡ್ಡು ಯಾಕೆ ಅಂತ ಅವನೂ ಕಾರು ಹತ್ತಿದ.

ದುಬೈಗೆ ಲಾರಿ ಹೋಗುತ್ತೇನಯ್ಯ ಅಂತ ಕೇಳಿದೆ.

"ಹಡಗು ಅಂದಿದ್ರೆ ನಂಬ್ತಿರ್ಲಿಲ್ಲ ಕಣ್ ಸಾ."

೪. ಇಬ್ಬರೂ ಒಟ್ಟಿಗೆ

ಅಕ್ಕನ ಕಣ್ಣಲ್ಲಿ ನೀರು ಬಂತು. ಬಿಟ್ಬುಡಿ ಸಾ, ಒಲೆ ಆರಿಸ್ತೀನಿ ಅಂದರು. ನಾನೇ ಬೆಂಗಳೂರಿಗೆ ಬಸ್ಸು ಹತ್ತಿದೆ. ಕಂಪನಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿ ಕೈಮುಗಿದು, ಇಬ್ಬರನ್ನೂ ಒಂದೇ ಕಾರಲ್ಲಿ ಕರಕೊಂಡು ಬಂದೆ. ಬಾಯಿ ಬಿಡಕೂಡದು ಅಂತ ಟೀ ಅಂಗಡಿಯವನ ಹತ್ತಿರ ಮೊದಲೇ ಆಣೆ ಹಾಕಿಸಿಕೊಂಡಿದ್ದೆ. ಇಳಿದೋರು ಇಬ್ಬರೂ ಸೀದಾ ಅವನ ಹತ್ತಿರಾನೇ ಹೋಗಿ, ನಿಜವಾಗಿ ವ್ಯಾಪಾರ ಎಷ್ಟಪ್ಪ ಅಂತ ಕೇಳಬೇಕೇ? ಅವನು ಅವರ ಮುಖ ನೋಡಿದ, ನನ್ನ ಮುಖ ನೋಡಿದ, ಗ್ಲಾಸು ಕೆಳಗಿಟ್ಟ.

"ನಿಮ್ಮಲ್ಲಿ ಯಾಪಾರ ಕಮ್ಮಿ ಇದ್ರೆ ಕೊಡೋರ್ಯಾರು, ಜಾಸ್ತಿ ಇದ್ರೆ ಕೊಡೋರ್ಯಾರು? ಅದ್ ಮೊದ್ಲು ಯೇಳಿ ಸಾ, ಆಮ್ಯಾಕೆ ಎಷ್ಟು ಅಂತ ನಾನ್ ಯೇಳ್ತೀನಿ."

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ವೆಂಚರ್‌ನವನು ಕಾರಿನ ಕಡೆ ತಿರುಗಿದ. ಗ್ರೋತ್‌ನವನು ಮಾತ್ರ ಬೆಂಚಿನ ಮೇಲೆ ಕೂತು ಕಣ್ಣಲ್ಲಿ ನೀರು ಬರೋ ತನಕ ನಕ್ಕ. ಆಮೇಲೆ ನನ್ನ ಲೆಕ್ಕದ ಕಡತ ಇಸಕೊಂಡು ಅಕ್ಕನ ಮನೆ ಕಡೆ ನಡೆದ.

"ಇನ್ನೇನೂ ವಿಚಾರಿಸೋದು ಬೇಡ ಬನ್ನಿ. ನಾನು ತೆರಿಗೆಯೋನು ಅಂತ ಊರಿಗೆ ಊರೇ ಬಚ್ಚಿಟ್ಟಿದೆ ಅಂದ್ರೆ, ಬಚ್ಚಿಡೋಷ್ಟು ವ್ಯಾಪಾರ ಇದ್ದೇ ಇದೆ."